ಕಾರಿನ ಸಿ.ಡಿ. ಸೆಟ್ಟು: ಒಂದು ರಿಪೇರಿ ವಿದ್ಯೆಯ ಏಳುಬೀಳು

ಬೆಂಗಳೂರಿನ ಜೆ.ಸಿ. ರಸ್ತೆಯ ಕಾರು ಬಿಡಿಭಾಗಗಳ ಅಂಗಡಿಗಳ ನಡುವೆ ಸ್ಟೀರಿಯೋ ರಿಪೇರಿ ಒಂದು ಕಾಲಕ್ಕೆ ಸ್ವತಂತ್ರ ವಿದ್ಯೆಯಾಗಿ ಬೆಳೆದಿತ್ತು. ಕ್ಯಾಸೆಟ್ ಹಿಂದೆ ಸರಿದು ಸಿ.ಡಿ. ಬಂದಾಗ ಆ ವಿದ್ಯೆ ಪಡೆದ ಸೂಕ್ಷ್ಮತೆಯನ್ನು ಕಂಡವರೇ ಕೆಲವು ವರ್ಷಗಳಲ್ಲಿ ಅದು ಕರಗಿಹೋದುದನ್ನೂ ಕಂಡರು. 1982ರಲ್ಲಿ ಜಪಾನಿನ ಮಾರುಕಟ್ಟೆಗೆ ಬಂದ ಸಿ.ಡಿ. 1984ರ ಹೊತ್ತಿಗೆ ಸೋನಿ, ಪಯೊನೀರ್ ಕಂಪನಿಗಳ ಮೂಲಕ ಕಾರನ್ನು ಹೊಕ್ಕಿತಾದರೂ, ನಮ್ಮ ಸಾಮಾನ್ಯ ಕಾರುಗಳಲ್ಲಿ ಅದು ಬಳಕೆಗೆ ಬಂದದ್ದು ಬಹಳ ತಡವಾಗಿ.

ಕ್ಯಾಸೆಟ್ ಸೆಟ್ಟಿನ ದೋಷ ಬಹುಮಟ್ಟಿಗೆ ಕಣ್ಣಿಗೆ ಕಾಣುತ್ತಿತ್ತು: ಸಡಿಲಗೊಂಡ ಬೆಲ್ಟು, ಕೊಳೆ ಹಿಡಿದ ಹೆಡ್ಡು, ಸವೆದ ರೋಲರು. ಸಿ.ಡಿ. ಸೆಟ್ಟಿನಲ್ಲಿ ಓದುವ ಕೆಲಸ 780 ನ್ಯಾನೋಮೀಟರ್ ತರಂಗಾಂತರದ ಲೇಸರಿನದು. ಅದು ಕಣ್ಣಿಗೆ ಕಾಣದಂಥ ಬೆಳಕು, ನೇರವಾಗಿ ದಿಟ್ಟಿಸಿದರೆ ಅಪಾಯಕಾರಿಯೂ ಹೌದು. ಡಿಸ್ಕಿನ ಸುರುಳಿಗೆರೆಯ ಒಂದು ಸುತ್ತಿಗೂ ಇನ್ನೊಂದಕ್ಕೂ ಇರುವ ಅಂತರ 1.6 ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರ ಭಾಗಗಳಲ್ಲಿ ಒಂದೂವರೆಗಿಂತ ತುಸು ಹೆಚ್ಚು. ಹಳ್ಳ ಬಿದ್ದ ರಸ್ತೆಯಲ್ಲಿ ಕುಲುಕುವ ಕಾರಿನೊಳಗೆ ಇಷ್ಟು ಸಣ್ಣ ಗೆರೆಯನ್ನು ಬಿಡದೆ ಹಿಂಬಾಲಿಸಲು ಲೆನ್ಸನ್ನು ಎರಡು ಸುರುಳಿಗಳು ನಡೆಸುತ್ತವೆ: ಫೋಕಸ್ ಸುರುಳಿ ಅದನ್ನು ಮೇಲೆ ಕೆಳಗೆ ಆಡಿಸಿ ಬೆಳಕಿನ ಬಿಂದುವನ್ನು ಸ್ಪಷ್ಟವಾಗಿಡುತ್ತದೆ, ಟ್ರ್ಯಾಕಿಂಗ್ ಸುರುಳಿ ಅಕ್ಕಪಕ್ಕಕ್ಕೆ ಸರಿಸಿ ಗೆರೆ ತಪ್ಪದಂತೆ ನೋಡಿಕೊಳ್ಳುತ್ತದೆ. ಇಡೀ ಯಂತ್ರವನ್ನು ಸ್ಪ್ರಿಂಗು ಮತ್ತು ಡ್ಯಾಂಪರ್ ಎಂಬ ಮೆತ್ತನೆಯ ಆಧಾರಗಳ ಮೇಲೆ ತೂಗುಬಿಟ್ಟಿರುತ್ತಾರೆ.

ಹಾಡು ಹಾರುತ್ತಿದೆ ಎಂಬ ದೂರು ಹೊತ್ತು ಕಾರು ಬಂದಾಗ ನುರಿತ ಮೆಕಾನಿಕ್ ಸೆಟ್ಟನ್ನು ಬಿಚ್ಚುವುದಕ್ಕೆ ಆತುರಪಡುತ್ತಿರಲಿಲ್ಲ ಎಂಬುದು ಆ ಅಂಗಡಿಗಳ ಮುಂದೆ ಕಾದು ನಿಂತವರಿಗೆಲ್ಲ ತಿಳಿದ ಸಂಗತಿ. ಮೊದಲು ತನ್ನ ಬಳಿಯಿದ್ದ ಒಳ್ಳೆಯ ಡಿಸ್ಕನ್ನು ಹಾಕುತ್ತಿದ್ದ. ಅದು ಸರಾಗವಾಗಿ ಹಾಡಿದರೆ ತಪ್ಪು ಗಿರಾಕಿಯ ಡಿಸ್ಕಿನದು. ಕಂಪನಿಯ ಅಚ್ಚಿನ ಡಿಸ್ಕು ಹಾಡಿ, ಕಂಪ್ಯೂಟರಿನಲ್ಲಿ ಬರೆದದ್ದು ಮಾತ್ರ ನಿಂತರೆ ಲೇಸರ್ ಕ್ಷೀಣಿಸಿದೆ ಎಂಬ ಶಂಕೆ ಮೂಡುತ್ತಿತ್ತು, ಏಕೆಂದರೆ ಬರೆದ ಡಿಸ್ಕು ಬೆಳಕನ್ನು ಕಡಿಮೆ ಹಿಂದಿರುಗಿಸುತ್ತದೆ. ಬೆಳಿಗ್ಗೆ ಹಾಡಿ, ಬಿಸಿಲಿನಲ್ಲಿ ನಿಂತ ಮೇಲೆ ಮೌನವಾಗುವ ಸೆಟ್ಟೂ ಅದೇ ರೋಗದ್ದಿರಬಹುದು. ಬಿಸಿಯಾದಂತೆ ಲೇಸರಿಗೆ ಹೆಚ್ಚು ವಿದ್ಯುತ್ ಬೇಕಾಗುತ್ತದೆ.

ಮುಚ್ಚಳ ತೆಗೆದ ಬಳಿಕ ಲೆನ್ಸು ಫೋಕಸ್ ಹುಡುಕುತ್ತ ಎರಡು ಮೂರು ಸಲ ಮೇಲೆ ಕೆಳಗೆ ಆಡುವುದನ್ನು ಬದಿಯಿಂದ ಗಮನಿಸುವುದು ಈ ವಿದ್ಯೆಯ ತಿರುಳಾಗಿತ್ತು. ಅನೇಕ ಸೆಟ್ಟುಗಳಲ್ಲಿ ಫೋಕಸ್ ಸಿಗದೆ ಮೋಟಾರು ಡಿಸ್ಕನ್ನು ತಿರುಗಿಸುವುದೇ ಇಲ್ಲವಾದ್ದರಿಂದ, ನಿಂತ ಮೋಟಾರನ್ನು ಕಂಡು ಅದನ್ನೇ ಬದಲಿಸಿದವರು ಗಿರಾಕಿಯ ಹಣವನ್ನು ವ್ಯರ್ಥ ಮಾಡಿದರು. ಎಷ್ಟೋ ಸಲ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಯಿಂದ ಲೆನ್ಸಿನ ಧೂಳನ್ನು ಮೃದುವಾಗಿ ಒರೆಸಿದರೆ ಸಾಕಾಗುತ್ತಿತ್ತು. ಲೇಸರಿನ ಶಕ್ತಿಯನ್ನು ನಿಯಂತ್ರಿಸುವ ಸಣ್ಣ ತಿರುಪನ್ನು ತಿರುಗಿಸಿ ಸತ್ತ ಸೆಟ್ಟನ್ನು ಬದುಕಿಸಿದಂತೆ ತೋರಿಸುವ ರೂಢಿಯೂ ಇತ್ತು. ಅದರಿಂದ ಕ್ಷೀಣಿಸಿದ ಲೇಸರು ಇನ್ನಷ್ಟು ಬೇಗ ಸುಟ್ಟುಹೋಗುತ್ತದೆ. ಇದನ್ನು ತಿಳಿದೂ ಮಾಡುವುದು ಕಸುಬಿಗೆ ಬಗೆದ ದ್ರೋಹವೆಂದೇ ಹೇಳಬೇಕು.

ದೋಷ ಸೆಟ್ಟಿನ ಹೊರಗೂ ಇರುತ್ತಿತ್ತು. ಸಾಮಾನ್ಯವಾಗಿ ಹಳದಿ ತಂತಿ ಬ್ಯಾಟರಿಯಿಂದ ಸದಾ ವಿದ್ಯುತ್ ತಂದು ಸೆಟ್ಟಿನ ನೆನಪನ್ನು ಉಳಿಸುತ್ತದೆ, ಕೆಂಪು ತಂತಿ ಕಾರಿನ ಕೀಲಿ ತಿರುಗಿಸಿದಾಗ ಮಾತ್ರ ಜೀವ ಪಡೆಯುತ್ತದೆ, ಕಪ್ಪು ತಂತಿ ಅರ್ತ್; ಮೊದಲೆರಡು ಅದಲುಬದಲಾದರೆ ಕಾರು ನಿಲ್ಲಿಸಿದಾಗಲೆಲ್ಲ ಗಡಿಯಾರವೂ ರೇಡಿಯೋ ನಿಲ್ದಾಣಗಳೂ ಅಳಿಸಿಹೋಗುತ್ತವೆ. ಎಂಜಿನಿನ ವೇಗದೊಂದಿಗೆ ಸ್ಪೀಕರಿನಲ್ಲಿ ಏರುವ ಕೀರಲು ದನಿಗೆ ಅನೇಕ ವೇಳೆ ಸಡಿಲ ಅರ್ತ್ ಕಾರಣ.

ಒಂದೇ ಡಿಸ್ಕಿನಲ್ಲಿ ನೂರಕ್ಕೂ ಮೇಲ್ಪಟ್ಟ ಹಾಡು ತುಂಬಿಸುವ ಎಂಪಿ3 ಬಂದಾಗ ಕಸುಬಿಗೆ ಕಳೆ ಬಂದಂತೆ ಕಂಡಿತಾದರೂ, ಯುಎಸ್‌ಬಿ, ಬ್ಲೂಟೂತ್‌ಗಳು ಡಿಸ್ಕನ್ನೇ ಅನಗತ್ಯಗೊಳಿಸಿದವು. ಲೆನ್ಸ್ ಬದಲಿಸುವ ಖರ್ಚಿನ ಆಸುಪಾಸಿನಲ್ಲೇ ಹೊಸ ಸೆಟ್ಟು ಸಿಗತೊಡಗಿದಾಗ ರಿಪೇರಿಯ ಮೇಜುಗಳು ಜೋಡಣೆಯ ಕೌಂಟರುಗಳಾದವು. ತಂತಿಯ ಜ್ಞಾನ ಇಂದು ಟಚ್‌ಸ್ಕ್ರೀನ್ ಕೂರಿಸುವವರಿಗೂ ಬೇಕು. ಆದರೆ ಲೆನ್ಸಿನ ಚಲನೆಯಿಂದ ರೋಗ ಗುರುತಿಸುವ ಅರಿವು ಅದನ್ನು ಕೈಯಾರೆ ಗಳಿಸಿದವರಲ್ಲಷ್ಟೇ ಉಳಿದಿದೆ, ಹಳೆಯ ಕಾರನ್ನು ಅದರ ಮೂಲ ಸೆಟ್ಟಿನೊಡನೆಯೇ ಉಳಿಸಿಕೊಳ್ಳಬಯಸುವವರು ಈಗ ಅಂಥವರನ್ನು ಹುಡುಕಿಕೊಂಡು ಹೋಗಬೇಕಾಗಿದೆ.