ಎಚ್ ಒತ್ತಿದರೆ ಪ ಬರುವುದೇಕೆ?

ಅಭ್ಯಾಸ ಬೋಧನೆಗೆಂದು ಗುಂಡ್ಲುಪೇಟೆಯ ಒಂದು ಸರ್ಕಾರಿ ಪ್ರೌಢಶಾಲೆಗೆ ಹೋಗುತ್ತಿದ್ದಾಗ, ಒಂಬತ್ತನೇ ತರಗತಿಗೆ ಗಣಿತದ ಜೊತೆ ಕಂಪ್ಯೂಟರ್ ಪಾಠವನ್ನೂ ನಾನೇ ತೆಗೆದುಕೊಳ್ಳಬೇಕಾಯಿತು. ಘಟಕ ‘ಇನ್‌ಪುಟ್ ಸಾಧನಗಳು’. ಈ ಘಟಕಕ್ಕೆ ನಮ್ಮಲ್ಲಿ ಒಂದು ಸಿದ್ಧ ಪದ್ಧತಿ ಇದೆ. ಚಾರ್ಟ್ ತೂಗುಹಾಕಿ, ಕೀಲಿಮಣೆ, ಮೌಸ್, ಸ್ಕ್ಯಾನರ್, ಮೈಕ್ ಎಂದು ಹೆಸರಿಸಿ, ಕೊನೆಗೆ ‘ಯಾವುದಾದರೂ ನಾಲ್ಕನ್ನು ಪಟ್ಟಿ ಮಾಡಿ’ ಎಂದು ಕೇಳುವುದು. ಎಲ್ಲ ಮಕ್ಕಳೂ ಸರಿಯಾಗಿ ಬರೆಯುತ್ತಾರೆ. ಮೌಲ್ಯಮಾಪನದ ಕಾಲಂ ತುಂಬುತ್ತದೆ.

ಪಾಠಕ್ಕೆ ಮುಂಚಿನ ವಾರ ಲ್ಯಾಬಿನಲ್ಲಿ ಸುಮ್ಮನೆ ಕುಳಿತು ನೋಡಿದೆ. ಒಂದು ಕಂಪ್ಯೂಟರಿಗೆ ಐದಾರು ಮಕ್ಕಳು. ಕೀಲಿಮಣೆ ಮುಟ್ಟುವವರು ದಿನವೂ ಅದೇ ಒಬ್ಬಿಬ್ಬರು. ಹಿಂದೆ ನಿಂತೇ ಇರುತ್ತಿದ್ದ ಒಬ್ಬ ಹುಡುಗಿಯನ್ನು ಮುಂದೆ ಬಾ ಎಂದು ಕರೆದರೆ, “ನಂಗ ಇಂಗ್ಲಿಷ್ ಬರಲ್ಲ ಸಾ” ಅಂದಳು. ಅವಳ ತರ್ಕ ಸರಿಯಾಗಿಯೇ ಇತ್ತು. ಪ್ರತಿ ಕೀಲಿಯ ಮೇಲೂ ಇಂಗ್ಲಿಷ್ ಅಕ್ಷರ ಇದೆ. ಆದ್ದರಿಂದ ಈ ಯಂತ್ರಕ್ಕೆ ತಿಳಿದಿರುವುದು ಇಂಗ್ಲಿಷ್. ಅದು ಬಾರದವರಿಗೆ ಇಲ್ಲೇನೂ ಕೆಲಸವಿಲ್ಲ. ಪಾಠಯೋಜನೆಯ ‘ಪೂರ್ವಜ್ಞಾನ’ ಎಂಬ ಅಂಕಣದಲ್ಲಿ ನಾವು ಬರೆಯುವುದು ‘ವಿದ್ಯಾರ್ಥಿಗಳು ಕೀಲಿಮಣೆಯನ್ನು ನೋಡಿದ್ದಾರೆ’ ಎಂದು. ನೋಡಿ ಏನೆಂದು ತೀರ್ಮಾನಿಸಿದ್ದಾರೆ ಎಂಬುದನ್ನು ಬರೆಯುವುದಿಲ್ಲ. ಆ ತೀರ್ಮಾನವನ್ನು ಅಲುಗಾಡಿಸದ ಪಾಠ ಎಷ್ಟು ಚೆನ್ನಾಗಿ ನಡೆದರೂ ಆ ಹುಡುಗಿ ಹಿಂದೆಯೇ ನಿಂತಿರುತ್ತಾಳೆ.

ದಿನವೂ ಸಂಜೆ ತೆರಕಣಾಂಬಿ ಮೇಲೆ ಹೋಗುವ ಬಸ್ಸಿನಲ್ಲಿ ಚಾಮರಾಜನಗರದ ನನ್ನ ಕೋಣೆಗೆ ಮರಳುತ್ತಿದ್ದೆ. ಅಲ್ಲಿ ಲಿನಕ್ಸ್ ಹಾಕಿದ ಒಂದು ಹಳೆಯ ಲ್ಯಾಪ್‌ಟಾಪ್ ಇತ್ತು. ಪಾಠೋಪಕರಣವಾಗಿ ಚಾರ್ಟಿನ ಬದಲು ಇದನ್ನೇ ಒಯ್ಯೋಣ ಎನಿಸಿತು. ಲಿನಕ್ಸಿನ ಅನುಕೂಲ ಏನೆಂದರೆ ಅದರ ಒಳಗನ್ನು ಯಾರು ಬೇಕಾದರೂ ತೆರೆದು ನೋಡಬಹುದು. 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಎಂಬ ಫಿನ್‌ಲೆಂಡಿನ ವಿದ್ಯಾರ್ಥಿ ಬರೆಯತೊಡಗಿದ ಅದರ ಕರ್ನಲ್, ಅಂದರೆ ಆಪರೇಟಿಂಗ್ ಸಿಸ್ಟಮ್ಮಿನ ತಿರುಳು, ಇಂದಿಗೂ ಮುಕ್ತವಾಗಿ ಸಿಗುತ್ತದೆ. ಕೀಲಿಮಣೆಗೂ ತಂತ್ರಾಂಶಗಳಿಗೂ ನಡುವೆ ಕುಳಿತಿರುವುದು ಈ ಕರ್ನಲ್. ಅದನ್ನು ನಮಗೆ ಬೇಕಾದಂತೆ ಕಟ್ಟಿಕೊಳ್ಳುವಾಗ ‘ಮೇಕ್ ಮೆನುಕಾನ್ಫಿಗ್’ ಎಂಬ ಆದೇಶ ಕೊಟ್ಟರೆ ಉದ್ದನೆಯ ಆಯ್ಕೆಪಟ್ಟಿ ತೆರೆಯುತ್ತದೆ. ಅದರಲ್ಲಿ ‘ಡಿವೈಸ್ ಡ್ರೈವರ್ಸ್’, ಅದರೊಳಗೆ ‘ಇನ್‌ಪುಟ್ ಡಿವೈಸ್ ಸಪೋರ್ಟ್’.

ಅಲ್ಲಿ ಹೆಚ್ಚಿನ ಸಾಲುಗಳಿಗೆ ಮೂರು ಉತ್ತರಗಳುಂಟು. ವೈ ಎಂದರೆ ಆ ಸಾಧನದ ಚಾಲಕ ಕರ್ನಲ್ಲಿನೊಳಗೇ ಸೇರಿಬಿಡುತ್ತದೆ. ಎಂ ಎಂದರೆ ಬೇರೆ ಕಡತವಾಗಿ ಡಿಸ್ಕಿನಲ್ಲಿದ್ದು ಕರೆದಾಗ ಬರುತ್ತದೆ. ಎನ್ ಎಂದರೆ ಇಲ್ಲವೇ ಇಲ್ಲ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಕಾಯಂ ಶಿಕ್ಷಕರು, ಅತಿಥಿ ಶಿಕ್ಷಕರು, ಹುದ್ದೆಯೇ ಮಂಜೂರಾಗದ ವಿಷಯ. ಎಲ್ಲಕ್ಕೂ ವೈ ಕೊಟ್ಟರೆ ಕರ್ನಲ್ ಸುಮ್ಮನೆ ದಪ್ಪವಾಗುತ್ತದೆ. ಎಲ್ಲಕ್ಕೂ ಎಂ ಕೊಟ್ಟರೆ ಬೇರೆ ತೊಡಕು. ಡಿಸ್ಕಿಗೆ ಗುಪ್ತಪದದ ಬೀಗ ಹಾಕಿದ್ದು, ಕೀಲಿಮಣೆಯ ಚಾಲಕ ಆ ಡಿಸ್ಕಿನೊಳಗೇ ಇದ್ದರೆ, ಗುಪ್ತಪದ ಹೊಡೆಯುವುದು ಹೇಗೆ? ಬೀರುವಿನ ಬೀಗದಕೈಯನ್ನು ಬೀರುವಿನೊಳಗೇ ಇಟ್ಟಂತೆ. ಆರಂಭದ ಹೊತ್ತಿಗೆ ಬೇಕಾದದ್ದು ಆರಂಭಕ್ಕೆ ಮುಂಚೆಯೇ ಕೈಗೆ ಸಿಗುವಂತಿರಬೇಕು. ಪೂರ್ವಜ್ಞಾನದ ಅಂಕಣ ತುಂಬುವ ಪ್ರಶಿಕ್ಷಣಾರ್ಥಿಗೆ ಇದು ಹೊಸ ಮಾತೇನಲ್ಲ.

ಆ ಪಟ್ಟಿಯಲ್ಲಿ ‘ಇವಿಡೆವ್’ ಎಂಬ ಒಂದು ಸಾಲಿದೆ. ಕೀಲಿಮಣೆ, ಮೌಸ್, ಟಚ್‌ಪ್ಯಾಡ್‌ಗಳಿಂದ ಬರುವ ಸುದ್ದಿಯನ್ನು ಒಂದೇ ರೂಪಕ್ಕೆ ತಂದು, ಕಿಟಕಿಗಳಿರುವ ಚಿತ್ರಪರದೆಗೆ ದಾಟಿಸುವುದು ಅದರ ಕೆಲಸ. ಬೇಕೆಂದೇ ಎರಡು ಕರ್ನಲ್ ಕಟ್ಟಿದೆ. ಒಂದರಲ್ಲಿ ಇವಿಡೆವ್‌ಗೆ ವೈ, ಇನ್ನೊಂದರಲ್ಲಿ ಎನ್. ಹಳೆಯ ಯಂತ್ರವಾದ್ದರಿಂದ ರಾತ್ರಿ ಕೆಲಸಕ್ಕೆ ಹಚ್ಚಿ ಮಲಗಿ, ಬೆಳಿಗ್ಗೆ ಎದ್ದು ನೋಡಬೇಕಾಯಿತು. ಶುರುವಾಗುವಾಗ ಎರಡರಲ್ಲಿ ಯಾವುದು ಬೇಕೋ ಅದನ್ನು ಆರಿಸಿಕೊಳ್ಳುವಂತೆ ಇಟ್ಟುಕೊಂಡೆ.

ಪಾಠದ ದಿನ ಮೊದಲು ಎನ್ ಇರುವ ಕರ್ನಲ್ಲಿನಿಂದ ಶುರುಮಾಡಿದೆ. ಬರೀ ಅಕ್ಷರಗಳ ಕಪ್ಪು ಪರದೆಯಲ್ಲಿ ಒಬ್ಬ ಹುಡುಗ ಹೆಸರು, ಗುಪ್ತಪದ ಹೊಡೆದ, ಎಲ್ಲ ಸರಿಯಾಗಿತ್ತು. ಚಿತ್ರಪರದೆ ತೆರೆದೊಡನೆ ಕೀಲಿಮಣೆಯೂ ಟಚ್‌ಪ್ಯಾಡೂ ಎರಡೂ ಮೌನ. “ಕೀಬೋರ್ಡ್ ಕೆಟ್ಟೋಯ್ತು ಸಾ” ಎಂದರು. “ಈಗ ತಾನೆ ಹೊಡೆದನಲ್ಲ?” ಎಂದೆ. “ಹಂಗಾದ್ರ ಕಂಪ್ಯೂಟರ್ ಕೆಟ್ಟದ” ಎಂದರು. “ಪರದೆಯ ಮೇಲೆ ಗಡಿಯಾರ ಓಡುತ್ತಿದೆಯಲ್ಲ?” ಎಂದೆ. ಯಂತ್ರವನ್ನು ಆರಿಸಿ ಇನ್ನೊಂದು ಕರ್ನಲ್ಲಿನಿಂದ ಶುರುಮಾಡಿದಾಗ ಎರಡೂ ಕೆಲಸ ಮಾಡಿದವು. ಕೆಟ್ಟದ್ದು ಯಾವುದೂ ಇರಲಿಲ್ಲ. ನಡುವೆ ಒಂದು ಸಾಲು ಇರಲಿಲ್ಲ. ಸಾಧನ ಎಂಬುದು ಒಂದು ದಾರಿಯ ಆರಂಭ, ಆ ದಾರಿಯಲ್ಲಿ ಹಲವು ನಿಲ್ದಾಣಗಳಿವೆ ಎಂಬ ಮಾತನ್ನು ಆಮೇಲೆ ಕಪ್ಪುಹಲಗೆಯ ಮೇಲೆ ಬರೆದೆ.

ಮುಂದಿನದು ಆ ದಾರಿಯಲ್ಲಿ ಏನು ಸಾಗುತ್ತದೆ ಎಂಬುದು. ‘ಇವಿಟೆಸ್ಟ್’ ಎಂಬ ಪುಟ್ಟ ತಂತ್ರಾಂಶ ಕರ್ನಲ್‌ಗೆ ಬಂದದ್ದನ್ನು ಬಂದ ಹಾಗೆಯೇ ತೋರಿಸುತ್ತದೆ. ಎಚ್ ಕೀಲಿ ಒತ್ತಿದರೆ ಪರದೆಯಲ್ಲಿ 35 ಎಂಬ ಸಂಖ್ಯೆ, ಪಕ್ಕದಲ್ಲಿ 1. ಕೀಲಿ ಬಿಟ್ಟರೆ ಮತ್ತೆ 35, ಪಕ್ಕದಲ್ಲಿ 0. ಒತ್ತಿ ಹಿಡಿದರೆ 2 ಸಾಲುಸಾಲಾಗಿ ಬರುತ್ತದೆ. ಎ ಗೆ 30, ಸ್ಪೇಸ್‌ಗೆ 57. ಟಚ್‌ಪ್ಯಾಡ್ ಬಿಟ್ಟು ಮೌಸ್ ಸಿಕ್ಕಿಸಿ ಎಡಕ್ಕೆ ತಳ್ಳಿದರೆ ಋಣಸಂಖ್ಯೆ, ಬಲಕ್ಕೆ ಧನಸಂಖ್ಯೆ. ಮೇಲಕ್ಕೆ ತಳ್ಳಿದರೂ ಋಣಸಂಖ್ಯೆ. ನಮ್ಮ ಗ್ರಾಫ್ ಹಾಳೆಗೆ ತದ್ವಿರುದ್ಧ. ಗಣಿತದ ಪಾಠದಲ್ಲಿ ಇದನ್ನು ಮುಂದಿನ ವಾರ ಬಳಸಿಕೊಂಡೆ.

ಒಬ್ಬ ಹುಡುಗ ಬಿಡಲಿಲ್ಲ. “ಅಲ್ಲೂ ಎಚ್ ಅಂತಲೇ ಬರ‍್ದದಲ್ಲ ಸಾ?” ಎಂದ. ಹೌದು, 35ರ ಪಕ್ಕ ಆವರಣದಲ್ಲಿ ಕೀಲಿಯ ಹೆಸರೂ ಕಾಣುತ್ತದೆ. ಆ ಹೆಸರು ಓದುವ ಮನುಷ್ಯರಿಗೆಂದು ಅಂಟಿಸಿದ ಚೀಟಿ, ಒಳಗೆ ಹೋಗುವುದು ಸಂಖ್ಯೆ ಮಾತ್ರ ಎಂದೆ. ಅವನಿಗೆ ಅರ್ಧ ಒಪ್ಪಿಗೆಯಾಯಿತು. ಪೂರ್ತಿ ಮಾಡಿದ್ದು ನಾನಲ್ಲ, ಹಿಂದೆ ನಿಂತಿದ್ದ ಹುಡುಗಿ: “ಡೈರಿ ನಂಬರ್ ಇದ್ದಂಗ. ಹಾಲು ಹಾಕ್ದಾಗ ನಂಬರ್ ಬರ‍್ಕತಾರ. ಅದು ಯಾರ ಮನದು ಅಂತ ಆಮೇಲೆ ಪುಸ್ತಕ ನೋಡ್ತಾರ.” ನನ್ನ ಯೋಜನೆಯಲ್ಲಿದ್ದ ಉದಾಹರಣೆಗಿಂತ ಇದು ಮೇಲಾಗಿತ್ತು. ಅದನ್ನೇ ಹಲಗೆಯ ಮೇಲೆ ಬರೆದೆ.

ಹಾಗಾದರೆ ಇಲ್ಲಿ ಪುಸ್ತಕ ಯಾವುದು? ಕೀಲಿಮಣೆ ವಿನ್ಯಾಸ. ಲ್ಯಾಬಿನ ಉಬುಂಟುವಿನಲ್ಲಿ ಇಂಗ್ಲಿಷಿನ ಜೊತೆ ಎರಡು ಕನ್ನಡ ವಿನ್ಯಾಸಗಳನ್ನು ಸೇರಿಸಿದೆ. ಒಂದು, ಕೆ.ಪಿ. ರಾವ್ ಅವರ ವಿನ್ಯಾಸದಿಂದ ಬಂದ, ‘ನುಡಿ’ಯ ಮೂಲಕ ನಮ್ಮ ಕಚೇರಿಗಳಿಗೆಲ್ಲ ಪರಿಚಯವಾದ ಕಗಪ. ಇನ್ನೊಂದು, 1991ರ ಭಾರತೀಯ ಮಾನಕದಲ್ಲಿ ಸೇರಿದ ಇನ್‌ಸ್ಕ್ರಿಪ್ಟ್. ಅದೇ 35ನೆಯ ಕೀಲಿ ಒಂದರಲ್ಲಿ ಇಂಗ್ಲಿಷಿನ ಎಚ್, ಕಗಪದಲ್ಲಿ ಹ, ಇನ್‌ಸ್ಕ್ರಿಪ್ಟಿನಲ್ಲಿ ಪ. ಕೀಲಿಮಣೆ ಬದಲಾಗಿಲ್ಲ, ಕರ್ನಲ್ ಬದಲಾಗಿಲ್ಲ, ಸಂಖ್ಯೆ ಬದಲಾಗಿಲ್ಲ. ನೋಡುವ ಪುಸ್ತಕ ಬದಲಾಗಿದೆ. ಕೀಲಿಯ ಮೇಲಿನ ಇಂಗ್ಲಿಷ್ ಅಕ್ಷರ ಪ್ಲಾಸ್ಟಿಕ್ಕಿನ ಮೇಲಿನ ಅಚ್ಚು ಅಷ್ಟೇ. ಕರ್ನಲ್‌ಗೆ ಇಂಗ್ಲಿಷೂ ಬಾರದು, ಕನ್ನಡವೂ ಬಾರದು. ಅದರ ಮುಂದೆ ಎರಡೂ ಸಮಾನ.

ಇನ್‌ಸ್ಕ್ರಿಪ್ಟಿನ ಪಟವನ್ನು ಗೋಡೆಗೆ ಅಂಟಿಸಿದ್ದೆ. ಆ ಹುಡುಗಿ ಪಟ ನೋಡಿ, ಕೀಲಿಯ ಜಾಗ ಎಣಿಸಿ, ‘ತೆರಕಣಾಂಬಿ’ ಎಂದು ಹೊಡೆದಳು. ಒಂಬತ್ತು ಕೀಲಿ, ಣಕಾರಕ್ಕೆ ಒಮ್ಮೆ ಶಿಫ್ಟ್. ಮೂರು ನಿಮಿಷವಾದರೂ ಬೇಕಾಯಿತು. ಉಳಿದವರು ಕಾಯುತ್ತಿದ್ದರು, ಯಾರೂ ಕೈ ಹಾಕಲಿಲ್ಲ.

ಅವಲೋಕನಕ್ಕೆ ಬಂದಿದ್ದ ಮಾರ್ಗದರ್ಶಕರು ಎರಡು ಮಾತು ಬರೆದರು. ಅವಧಿ ಮೀರಿದೆ, ಸ್ಕ್ಯಾನರ್, ಮೈಕ್ ಬಿಟ್ಟುಹೋಗಿವೆ. ಎರಡೂ ನಿಜ. “ಪರೀಕ್ಷೆಯಲ್ಲಿ ಪಟ್ಟಿ ಮಾಡಿ ಅಂತಲೇ ಕೇಳುತ್ತಾರಲ್ಲಪ್ಪ” ಎಂದು ಮೇಡಂ ಕೇಳಿದ್ದೂ ನ್ಯಾಯವೇ. ಪಟ್ಟಿಯನ್ನು ಮರುದಿನ ಹತ್ತು ನಿಮಿಷದಲ್ಲಿ ಬರೆಸಿದೆ. ಹೊಸ ಹೆಸರು ಬಂದಾಗಲೆಲ್ಲ ಮಕ್ಕಳೇ ಕೇಳತೊಡಗಿದರು: “ಇದು ಒಳಕ್ಕ ಏನ್ ಕಳಿಸ್ತದ ಸಾ?” ಸಾಧನಗಳ ಹೆಸರಷ್ಟೇ ಕಲಿತವರಿಗೆ ಈ ಪ್ರಶ್ನೆ ಹುಟ್ಟುವುದಿಲ್ಲ.

ಘಟಕ ಪರೀಕ್ಷೆಗೆ ಒಂದು ಪ್ರಶ್ನೆ ಸೇರಿಸಿದೆ: ‘ಎಚ್ ಎಂದು ಅಚ್ಚಾದ ಕೀಲಿ ಒತ್ತಿದರೆ ಪರದೆಯಲ್ಲಿ ಪ ಬಂತು. ನೀವು ಮೊದಲು ಪರಿಶೀಲಿಸುವುದು ಸಾಧನವನ್ನೋ, ಕರ್ನಲ್ಲನ್ನೋ, ವಿನ್ಯಾಸವನ್ನೋ? ಕಾರಣ ಕೊಡಿ.’ ಈ ಘಟಕ ತೆಗೆದುಕೊಳ್ಳುವ ಪ್ರಶಿಕ್ಷಣಾರ್ಥಿಗಳಿಗೆ ಕರ್ನಲ್ ಕಟ್ಟುವ ತಾಪತ್ರಯ ಬೇಕಿಲ್ಲ. ಉಬುಂಟು ಇರುವ ಯಾವ ಲ್ಯಾಬಿನಲ್ಲಾದರೂ ಇವಿಟೆಸ್ಟ್ ಹಾಕಿಕೊಂಡು, ಎರಡು ಕನ್ನಡ ವಿನ್ಯಾಸ ಸೇರಿಸಿದರೆ ಸಾಕು. ಅದಕ್ಕೆ ಮುಂಚೆ ಒಂದು ದಿನ ಲ್ಯಾಬಿನಲ್ಲಿ ಕುಳಿತು, ಯಾರು ಹಿಂದೆ ನಿಂತಿದ್ದಾರೆ, ಯಾಕೆ ನಿಂತಿದ್ದಾರೆ ಎಂದು ಕೇಳಿ ಬರೆದುಕೊಳ್ಳಿ. ಪೂರ್ವಜ್ಞಾನದ ಅಂಕಣಕ್ಕೆ ಬೇಕಾದದ್ದು ಅಲ್ಲಿ ಸಿಗುತ್ತದೆ.