ಇಳಿಯುವ ಕಾವು

ಸಂಜೆ ನಾಲ್ಕರ ಹೊತ್ತಿಗೆ ಬೆಂಗಳೂರಿನ ಯಾವ ಹಳೇ ಬಡಾವಣೆಯಲ್ಲಿದ್ದರೂ ನನ್ನ ನಡಿಗೆ ತಾನಾಗಿ ನಿಧಾನವಾಗುತ್ತದೆ. ಯಾವುದೋ ತಿರುವಿನಿಂದ ಖಾರಾ ಬನ್ನಿನ ವಾಸನೆ ತೇಲಿ ಬರುತ್ತದೆ. ಮೊದಲು ಮೂಗಿಗೆ ಸಿಗುವುದು ಬೆಂದ ಈರುಳ್ಳಿ, ಆಮೇಲೆ ಹಸಿಮೆಣಸಿನಕಾಯಿ, ಕರಿಬೇವು, ಎಲ್ಲಕ್ಕೂ ಅಡಿಯಲ್ಲಿ ಹುದುಗಿದ ಹಿಟ್ಟಿನ ನವಿರಾದ ಹುಳಿ. ಆ ಹುಳಿಯ ಜಾಡು ಹಿಡಿದೇ ಹೋಗಿ ಅಂಗಡಿಯ ಮುಂದೆ ನಿಲ್ಲುತ್ತೇನೆ. ಗಾಜಿನ ಹಿಂದೆ ದಿಲ್‌ಪಸಂದ್, ಹನಿ ಕೇಕ್, ಬೆಣ್ಣೆ ಬಿಸ್ಕತ್ತು, ಕೊಬ್ಬರಿ ಬಿಸ್ಕತ್ತು, ನಿಪ್ಪಟ್ಟು. ಒಂದು ಬನ್ನು ಕೈಗೆ ಬಂದ ಮೇಲೆ ಅಲ್ಲೇ ನಿಂತು ಎರಡು ಭಾಗ ಮಾಡುತ್ತೇನೆ. ಒಳಗಿನಿಂದ ಹಬೆ ಎದ್ದರೆ ನನಗೆ ಅಂದಿನ ದಿನ ಸಾರ್ಥಕ.

ನಮ್ಮದು ಚನ್ನರಾಯಪಟ್ಟಣದ ಕಡೆಯ ಹಳ್ಳಿ. ಹುಡುಗ ಎಸ್ಸೆಸ್ಸೆಲ್ಸಿ ಮುಗಿಸಿದ ಎಂದರೆ ‘ಮುಂದೆ ಓದಿಸ್ತೀರೋ, ಬೇಕರಿಗೆ ಕಳಿಸ್ತೀರೋ?’ ಎಂದು ಕೇಳುವುದು ಆಗ ನಮ್ಮೂರಿನಲ್ಲಿ ವಾಡಿಕೆಯಾಗಿತ್ತು. ಹಾಸನ ಜಿಲ್ಲೆಗೂ ಬೇಕರಿಗೂ ಇರುವ ನಂಟು ಅಷ್ಟು ಹಳೆಯದು. ಹಾಸನದ ಕಡೆಯಿಂದ ಬಂದ ಎಚ್. ಎಸ್. ತಿರುಮಲಾಚಾರ್ ಅವರು 1898ರಲ್ಲಿ ಚಿಕ್ಕಪೇಟೆಯಲ್ಲಿ ಬೆಂಗಳೂರು ಬ್ರದರ್ಸ್ ಬೇಕರಿ ತೆರೆದರು. ಅವರ ಸಿಹಿತಿಂಡಿಯ ಅಂಗಡಿಗೆ ಬರುತ್ತಿದ್ದ ಒಬ್ಬ ಇಂಗ್ಲಿಷಿನವನು ಬ್ರೆಡ್ಡು ಮಾಡುವುದನ್ನು ಕಲಿಸಿಕೊಟ್ಟನಂತೆ ಎಂಬ ಕತೆಯನ್ನು ಬೇಕರಿಯವರು ಇಂದಿಗೂ ಹೇಳುತ್ತಾರೆ. ಅಲ್ಲಿಂದ ಮುಂದೆ ಅಣ್ಣ ತಮ್ಮನನ್ನು ಕರೆಸಿಕೊಂಡ, ತಮ್ಮ ಭಾವಮೈದನನ್ನು ಕರೆಸಿಕೊಂಡ, ಊರಿಗೆ ಊರೇ ಬೀದಿಗೊಂದು ಅಯ್ಯಂಗಾರ್ ಬೇಕರಿಯಾಗಿ ಹರಡಿತು. ನಮ್ಮಂಥ ಬೇರೆ ಜಾತಿಯ ಹುಡುಗರೂ ಅಲ್ಲೇ ಕೆಲಸ ಕಲಿತೆವು. ನಾನು ಹೋಗಿ ಸೇರಿದ್ದು 1984ರ ಮಳೆಗಾಲದಲ್ಲಿ, ಬಸವನಗುಡಿಯ ಹತ್ತಿರದ ಒಂದು ಸಣ್ಣ ಅಂಗಡಿಗೆ. ಐದು ವರ್ಷ ಅಲ್ಲಿದ್ದೆ.

ಬೇಕರಿ ಎಂದರೆ ಎಲ್ಲರಿಗೂ ಕೌಂಟರು ಕಾಣುತ್ತದೆ. ನನಗೆ ಕಾಣುವುದು ಹಿಂದಿನ ಕೋಣೆ. ರಾತ್ರಿ ಊಟವಾದ ಮೇಲೆ ಮರದ ತೊಟ್ಟಿಯಲ್ಲಿ ಮೈದಾ ಕಲಸುವ ಕೆಲಸ. ಕಿಲೋ ಹಿಟ್ಟಿಗೆ ಉಪ್ಪು 20 ಗ್ರಾಮಿನ ಆಸುಪಾಸು. ಅದು ಹೆಚ್ಚಾದರೆ ಈಸ್ಟು ಸೊರಗುತ್ತದೆ, ಕಡಿಮೆಯಾದರೆ ಬ್ರೆಡ್ಡು ಸಪ್ಪೆ. ಈಸ್ಟು ಎನ್ನುವುದು ಜೀವವಿರುವ ಪದಾರ್ಥ ಎಂದು ನನಗೆ ಶಾಲೆಯಲ್ಲಿ ಗೊತ್ತಾಗಿರಲಿಲ್ಲ, ಅಲ್ಲಿ ಗೊತ್ತಾಯಿತು. ಅದು ಹಿಟ್ಟಿನ ಸಕ್ಕರೆಯನ್ನು ತಿಂದು ಗಾಳಿ ಬಿಡುತ್ತದೆ, ಆ ಗಾಳಿಯೇ ಬ್ರೆಡ್ಡಿನ ಗೂಡು ಗೂಡು. ನೀರು ಸುಡುವಷ್ಟು ಬಿಸಿಯಾದರೆ ಸತ್ತುಹೋಗುತ್ತದೆ, ತಣ್ಣಗಿದ್ದರೆ ಮಲಗಿಬಿಡುತ್ತದೆ. ಡಿಸೆಂಬರಿನ ಚಳಿಯಲ್ಲಿ ನಮ್ಮ ಮಾಸ್ಟರು ತೊಟ್ಟಿಯ ಮೇಲೆ ಒದ್ದೆ ಬಟ್ಟೆ, ಅದರ ಮೇಲೆ ತಮ್ಮದೇ ಕಂಬಳಿ ಹೊದಿಸುತ್ತಿದ್ದರು. ಮಗುವಿಗೆ ಹೊದಿಸಿದಷ್ಟೇ ನಾಜೂಕಾಗಿ ಅಂಚುಗಳನ್ನು ಒಳಕ್ಕೆ ಸಿಕ್ಕಿಸಿ, ತಾವು ಗೋಣಿಚೀಲ ಸುತ್ತಿಕೊಂಡು ಮಲಗುತ್ತಿದ್ದರು. ಬೆಳಗಿನ ಜಾವ ಎದ್ದು ಬಟ್ಟೆ ತೆಗೆದರೆ ಹಿಟ್ಟು ತೊಟ್ಟಿಯ ಅಂಚಿನವರೆಗೂ ಉಬ್ಬಿ ನಿಂತಿರುತ್ತಿತ್ತು. ಬೆರಳಿನಿಂದ ಮೆಲ್ಲಗೆ ಒತ್ತಿದರೆ ಗುಳಿ ಬಿದ್ದು, ನಿಧಾನವಾಗಿ ಮೇಲಕ್ಕೆ ಬರುವುದು. ಆ ಸ್ಪರ್ಶ ನನ್ನ ಬೆರಳಲ್ಲಿ ಇನ್ನೂ ಇದೆ.

ಭಟ್ಟಿಯ ವಿಷಯ ಹೇಳಬೇಕು, ನನ್ನ ಮನಸ್ಸು ಅಲ್ಲೇ ಸುತ್ತುತ್ತದೆ. ಇಟ್ಟಿಗೆಯಿಂದ ಕಟ್ಟಿದ ಕಮಾನು, ಬಗ್ಗಿ ನೋಡಿದರೆ ಸಣ್ಣ ಗವಿಯ ಹಾಗೆ. ಅದರ ಹೊಟ್ಟೆಯೊಳಗೇ ಸರ್ವೆ ಸೌದೆ ಹಾಕಿ ಉರಿಸುತ್ತಿದ್ದರು. ಇಟ್ಟಿಗೆ ಮೊದಲು ಮಸಿಯಿಂದ ಕಪ್ಪಾಗಿ, ಆಮೇಲೆ ಕಾವು ಏರಿದಂತೆ ಮಸಿಯೆಲ್ಲ ಸುಟ್ಟು ಬೆಳ್ಳಗಾಗುತ್ತದೆ. ಆಗ ಕೆಂಡ ಎಳೆದು, ನೆಲವನ್ನು ಒದ್ದೆ ಗೋಣಿಯಿಂದ ಒರೆಸಬೇಕು. ಮಾಸ್ಟರು ಒಂದು ಚಿಟಿಕೆ ಮೈದಾ ಒಳಗೆ ಎಸೆಯುತ್ತಿದ್ದರು. ಅದು ತಕ್ಷಣ ಕರಕಲಾದರೆ ‘ಇನ್ನೂ ಕೋಪದಲ್ಲಿದೆ, ಇರು’ ಅನ್ನುವರು. ನಾಲ್ಕೈದು ಉಸಿರಿನ ಹೊತ್ತಿಗೆ ಹೊಂಬಣ್ಣಕ್ಕೆ ತಿರುಗಿದರೆ ಉದ್ದ ಹಿಡಿಯ ಮರದ ಹಲಗೆ ಕೈಗೆತ್ತಿಕೊಳ್ಳುವರು. ಥರ್ಮಾಮೀಟರು ಅಲ್ಲಿ ಯಾರೂ ಕಂಡವರಲ್ಲ.

ಆಮೇಲೆ ಬೆಂಕಿ ಹಾಕುವಂತಿಲ್ಲ. ಇಟ್ಟಿಗೆ ಕುಡಿದಿಟ್ಟುಕೊಂಡ ಶಾಖದಲ್ಲೇ ದಿನವಿಡೀ ಕೆಲಸವಾಗಬೇಕು. ಕಾವು ಏರಿ ನಿಂತಾಗ ಪಫ್ಫು, ಬನ್ನು, ಪೌಂಡು ಬ್ರೆಡ್ಡು. ಬ್ರೆಡ್ಡು ಬೆಂದಿತೋ ಇಲ್ಲವೋ ಎಂದು ತಳಕ್ಕೆ ಬೆರಳ ಗೆಣ್ಣಿನಿಂದ ತಟ್ಟಿ ಕೇಳುತ್ತಿದ್ದೆವು, ಟೊಳ್ಳು ಸದ್ದು ಬರಬೇಕು. ಕಾವು ಒಂದು ಮೆಟ್ಟಿಲು ಇಳಿದಾಗ ಕೇಕು, ದಿಲ್‌ಪಸಂದ್. ಇನ್ನೊಂದು ಮೆಟ್ಟಿಲು ಇಳಿದಾಗ ಬಿಸ್ಕತ್ತು. ಬೆಣ್ಣೆ ಬಿಸ್ಕತ್ತಿಗೆ ಜೋರು ಶಾಖ ಆಗುವುದಿಲ್ಲ, ಒಳಗೆ ಹಸಿಯುಳಿದು ಮೇಲೆ ಕೆಂಪಾಗುತ್ತದೆ. ಎಲ್ಲಕ್ಕೂ ಕೊನೆಯಲ್ಲಿ ಹಿಂದಿನ ದಿನದ ಬ್ರೆಡ್ಡನ್ನು ಹೋಳು ಮಾಡಿ ಜೋಡಿಸಿಟ್ಟರೆ, ಅದು ಬೇಯುವುದಿಲ್ಲ, ಒಣಗುತ್ತದೆ. ಅದೇ ರಸ್ಕು. ಭಟ್ಟಿಯ ಕಾವು ಇಳಿಯುವ ಲೆಕ್ಕವೇ ನಮ್ಮ ಗಡಿಯಾರ. ಊಟ, ಸ್ನಾನ, ನಿದ್ದೆ ಎಲ್ಲ ಅದರ ಪ್ರಕಾರ.

ರಸ್ಕು ಹೊರಗೆ ಬಂದ ಮೇಲೂ ಭಟ್ಟಿಯಲ್ಲಿ ಒಂದಿಷ್ಟು ಬಿಸುಪು ಉಳಿಯುತ್ತಿತ್ತು. ಮಾರಾಟದ ಯಾವ ತಿನಿಸಿಗೂ ಅದು ಸಾಲದು. ಆ ಕೊನೆಯ ಕಾವು ಬೀದಿಯವರದು. ಯಾರು ಯಾವಾಗ ಹಾಗೆ ನಿಶ್ಚಯಿಸಿದರೋ, ನಾನು ಹೋಗುವಷ್ಟರಲ್ಲಿ ಅದು ನಡೆದುಬಂದಿತ್ತು. ಹಿಂದಿನ ಓಣಿಯ ಬಾಗಿಲಿಗೆ ಒಬ್ಬೊಬ್ಬರೇ ಬರುವರು. ಒಬ್ಬರ ತಟ್ಟೆಯಲ್ಲಿ ಕಡಲೆಕಾಯಿ ಬೀಜ, ಇನ್ನೊಬ್ಬರದರಲ್ಲಿ ಮಳೆಗಾಲಕ್ಕೆ ಮೆತ್ತಗಾದ ಅವಲಕ್ಕಿ, ಬಾಣಂತಿ ಇರುವ ಮನೆಯಿಂದ ಒಣಕೊಬ್ಬರಿ. ಸಂಕ್ರಾಂತಿ ಹತ್ತಿರ ಬಂತೆಂದರೆ ಸಾಲೇ ನಿಲ್ಲುತ್ತಿತ್ತು. ಎಳ್ಳಿಗೆ ಹಾಕುವ ಕೊಬ್ಬರಿ, ಬೆಲ್ಲ ಎಲ್ಲ ಬಿಸಿಲಿನಲ್ಲೇ ಒಣಗಬೇಕು ನಿಜ; ಆದರೆ ಜನವರಿಯ ಮೋಡದ ದಿನಗಳಲ್ಲಿ ಬಿಸಿಲು ಎಲ್ಲಿಂದ ಬರಬೇಕು? ಸಣ್ಣಗೆ ಹೆಚ್ಚಿದ ಕೊಬ್ಬರಿಯನ್ನು ತಂದು ‘ಸ್ವಲ್ಪ ಬೆಚ್ಚಗೆ ಮಾಡಿಕೊಡಪ್ಪ’ ಅನ್ನುವರು. ಬೆಲ್ಲವನ್ನು ಮಾತ್ರ ಮಾಸ್ಟರು ಒಳಗೆ ಬಿಡುತ್ತಿರಲಿಲ್ಲ, ಕರಗಿಹೋಗುತ್ತದೆ ಎಂದು ಭಟ್ಟಿಯ ನೆತ್ತಿಯ ಮೇಲಿಡಿಸುತ್ತಿದ್ದರು. ದುಡ್ಡು ಕೇಳಿದ್ದನ್ನು ನಾನು ನೋಡಲಿಲ್ಲ. ಹಬ್ಬದ ದಿನ ಮಾತ್ರ ಆ ಮನೆಗಳ ಹೆಣ್ಣುಮಕ್ಕಳು ಲಂಗ ದಾವಣಿ ಉಟ್ಟು ಎಳ್ಳು ಬೀರಲು ಬರುವಾಗ ಬೇಕರಿಯ ಹಿಂಬಾಗಿಲಿಗೂ ಬರುತ್ತಿದ್ದರು. ಎಳ್ಳು, ಸಕ್ಕರೆ ಅಚ್ಚು, ಕಬ್ಬಿನ ತುಂಡು, ಬಾಳೆಹಣ್ಣು. ಊರು ಬಿಟ್ಟು ಬಂದ ಆರು ಜನ ಹುಡುಗರಿಗೆ ಹಬ್ಬವೆಂದರೆ ಆ ಹಿಂಬಾಗಿಲು.

ಯಜಮಾನರ ತಾಯಿಯನ್ನು ನಾವು ಅಜ್ಜಿ ಎನ್ನುತ್ತಿದ್ದೆವು. ಅವರು ನನಗೊಂದು ಪಾಠ ಹೇಳಿಕೊಟ್ಟರು. ಹುರಿದ ಬೀಜದ ತಟ್ಟೆಯನ್ನು ಒಬ್ಬರ ಮನೆಗೆ ತಲುಪಿಸಿ ಬರಲು ಹೊರಟಿದ್ದೆ. ಅಜ್ಜಿ ತಡೆದು, ‘ಅವರದನ್ನು ಅವರಿಗೇ ಕೊಟ್ಟರೆ ನಾವು ಕೊಟ್ಟದ್ದೇನಾಯಿತೋ?’ ಎಂದು ಎರಡು ಬೆಣ್ಣೆ ಬಿಸ್ಕತ್ತು ಅದರ ಮೇಲಿಟ್ಟರು. ಆ ಮನೆಯಾಕೆ ತಟ್ಟೆ ಬರಿದು ಮಾಡಿಕೊಂಡು, ಮತ್ತೇನೂ ಇಲ್ಲದ್ದಕ್ಕೆ ಒಂದು ಚಮಚ ಸಕ್ಕರೆ ಹಾಕಿ ನನ್ನ ಕೈಗೇ ಹಿಂದಿರುಗಿಸಿದರು. ಬೇಕರಿಯವರೆಗೂ ಆ ಸಕ್ಕರೆಯನ್ನು ಚೆಲ್ಲದ ಹಾಗೆ ಹಿಡಿದುಕೊಂಡು ಬಂದೆ. ಸಕ್ಕರೆ ಮೂಟೆಗಟ್ಟಲೆ ಇರುವ ಜಾಗಕ್ಕೆ ಒಂದು ಚಮಚ ಸಕ್ಕರೆ. ಅಜ್ಜಿ ಅದನ್ನು ಮೂಟೆಗೆ ಸುರಿಯಲಿಲ್ಲ, ನಮ್ಮ ಸಂಜೆಯ ಕಾಫಿಗೆ ಹಾಕಿದರು.

ಮೊದಲ ಯುಗಾದಿಗೆ ರಜೆ ಸಿಕ್ಕಿತು. ಮಾಸ್ಟರು ‘ಮನೆಗೆ ನೀನೇ ಮಾಡಿಕೊಂಡು ಹೋಗು’ ಎಂದು ಹಿಟ್ಟು ಕೊಟ್ಟರು. ಬೆಣ್ಣೆ, ಸಕ್ಕರೆ, ಮೈದಾ, ಒಂದಿಷ್ಟು ಏಲಕ್ಕಿ, ಅಷ್ಟೇ. ಬೆಣ್ಣೆ ಸಕ್ಕರೆಯನ್ನು ಅಂಗೈಯಿಂದ ಬೆಳ್ಳಗಾಗುವ ತನಕ ಉಜ್ಜಿ, ಹಿಟ್ಟು ಸೇರಿಸಿದ ಮೇಲೆ ಹೆಚ್ಚು ನಾದಬಾರದು, ನಾದಿದರೆ ಗಟ್ಟಿಯಾಗುತ್ತದೆ. ಎರಡು ತಟ್ಟೆ ಬಿಸ್ಕತ್ತಾಯಿತು. ಡಾಲ್ಡಾ ಡಬ್ಬಿಯಲ್ಲಿ ತುಂಬಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋದೆ. ಅಮ್ಮ ಮುಚ್ಚಳ ತೆಗೆದು ಮೂಸಿ, ನಮಗೆ ಕೊಡುವ ಮೊದಲು ಬೀದಿಯ ಮನೆಗಳನ್ನು ಬೆರಳಲ್ಲಿ ಎಣಿಸಿದಳು. ಒಂದು ಮನೆಗೆ ನಾಲ್ಕು, ಮಕ್ಕಳಿರುವ ಮನೆಗೆ ಆರು. ಹಲ್ಲಿಲ್ಲದ ದೊಡ್ಡಮ್ಮನಿಗೆ ಹಾಲಿನಲ್ಲಿ ಅದ್ದಿ ತಾನೇ ತಿನ್ನಿಸಿ ಬಂದಳು. ನಮ್ಮ ಮನೆಗೆ ಉಳಿದದ್ದು ಮೂರು, ಅದೂ ಒಂದು ಮುರಿದದ್ದು. ಆಗ ನನಗೆ ಸಂಕಟವಾಗಿತ್ತು, ನಾನು ಮಾಡಿದ್ದನ್ನು ಅವಳು ಹೊಟ್ಟೆ ತುಂಬ ತಿನ್ನಲಿಲ್ಲವಲ್ಲ ಎಂದು. ವಾಪಸ್ಸು ಹೊರಟಾಗ ಅದೇ ಡಬ್ಬಿ ಭಾರವಾಗಿತ್ತು. ಒಂದು ಮನೆಯ ಕೋಡುಬಳೆ, ಇನ್ನೊಂದು ಮನೆಯ ಹುರಿಹಿಟ್ಟು, ದೊಡ್ಡಮ್ಮನ ಮನೆಯಿಂದ ಒಂದು ಅಚ್ಚು ಬೆಲ್ಲ. ಅಷ್ಟನ್ನೂ ಬೇಕರಿಯ ಹಿಂದಿನ ಕೋಣೆಯಲ್ಲಿ ಆರು ಜನ ಹಂಚಿಕೊಂಡು ತಿಂದೆವು. ಮಾಸ್ಟರು ಹುರಿಹಿಟ್ಟನ್ನು ಮಜ್ಜಿಗೆಯಲ್ಲಿ ಕಲಸಿಕೊಂಡು, ‘ಇದು ಯಾರ ಕೈದು, ಚೆನ್ನಾಗಿ ಹುರಿದಿದ್ದಾರೆ’ ಎಂದು ಎರಡು ಸಲ ಕೇಳಿದರು.

ಈಗ ನನ್ನದು ಮೂರನೇ ಮಹಡಿಯ ಮನೆ. ಕೆಲಸ ಬೇರೆಯಾಯಿತು, ಊರು ಅದೇ ಬೆಂಗಳೂರು. ಅಡುಗೆಮನೆಯ ಕಟ್ಟೆಯ ಮೇಲೆ ಒಂದು ಕರೆಂಟಿನ ಓವನ್ನಿದೆ, ಭಾನುವಾರ ಅದು ನನ್ನ ಪಾಲಿನದು. ಹೆಚ್ಚಾಗಿ ಮಾಡುವುದು ಹನಿ ಕೇಕು. ನಾನು ಕೆಲಸ ಮಾಡಿದ ಬೇಕರಿಯಲ್ಲಿ ಮೊಟ್ಟೆ ಇರಲಿಲ್ಲ, ನನಗೂ ಮೊಸರಿನ ಕೇಕೇ ಕೈಹಿಡಿದಿದೆ. ಒಂದು ಬಟ್ಟಲು ಗಟ್ಟಿ ಮೊಸರಿಗೆ ಅರ್ಧ ಚಮಚ ಅಡುಗೆ ಸೋಡಾ ಹಾಕಿ ಐದು ನಿಮಿಷ ಬಿಟ್ಟರೆ, ಮೊಸರಿನ ಹುಳಿ ಸೋಡಾವನ್ನು ಕೆಣಕಿ ಗುಳ್ಳೆಗುಳ್ಳೆಯಾಗಿ ಏಳುತ್ತದೆ. ಸಕ್ಕರೆ, ಎಣ್ಣೆ, ಜರಡಿಯಾಡಿಸಿದ ಮೈದಾ ಸೇರಿಸಿ ಹಗುರಾಗಿ ತಿರುಗಿಸಿ, 180 ಡಿಗ್ರಿಯಲ್ಲಿ ಅರ್ಧ ಗಂಟೆ. ಆರಿದ ಕೇಕಿಗೆ ಕಡ್ಡಿಯಿಂದ ಚುಚ್ಚಿ ಸಕ್ಕರೆ ಪಾಕ ಕುಡಿಸಬೇಕು. ಜೇನನ್ನು ಪಾಕದಲ್ಲಿ ಕುದಿಸಬೇಡಿ, ಒಲೆಯಿಂದ ಇಳಿಸಿದ ಮೇಲೆ ಬೆರೆಸಿ. ಕುದಿಸಿದರೆ ಅದರ ಹೂವಿನ ಘಮ ಹೋಗಿಬಿಡುತ್ತದೆ. ಮೇಲೆ ಬಿಸಿ ಮಾಡಿ ಸಡಿಲಿಸಿದ ಜಾಮು, ಅದರ ಮೇಲೆ ಉದುರು ಕೊಬ್ಬರಿ. ಹದಿನಾರು ತುಂಡು ಬರುತ್ತದೆ. ನಾವಿರುವುದು ಇಬ್ಬರು.

ನಾಲ್ಕು ತುಂಡು ಎದುರು ಮನೆಗೆ. ಅವರು ಮಂಗಳೂರಿನ ಕ್ರೈಸ್ತರು. ಕ್ರಿಸ್‌ಮಸ್ಸಿಗೆ ಅವರಿಂದ ತಟ್ಟೆ ತುಂಬ ಕುಸ್ವಾರ್ ಬರುತ್ತದೆ: ನೆವ್ರಿ, ಕಿಡ್ಯೊ, ಗುಳಿಯೊ, ಹೂವಿನಾಕಾರದ ಕೊಕ್ಕಿಸಾಂ, ಒಂದು ಹೋಳು ಕೇಕು. ಒಂದು ಸಲ ಮಾತಿಗೆ ಸಿಕ್ಕಾಗ ಆ ಮನೆಯ ಆಂಟಿ ಹೇಳಿದರು: ತಾವು ಚಿಕ್ಕವರಿದ್ದಾಗ ಮನೆಯಲ್ಲಿ ಓವನ್ ಇರಲಿಲ್ಲ, ಕೇಕಿನ ಹಿಟ್ಟನ್ನು ಅಮ್ಮ ಮನೆಯಲ್ಲಿ ಕಲಸಿ ಹತ್ತಿರದ ಬೇಕರಿಗೆ ಹೊತ್ತು ಕಳಿಸುತ್ತಿದ್ದರಂತೆ; ಅದಲು ಬದಲಾಗದಿರಲಿ ಎಂದು ಪಾತ್ರೆಗೆ ಹೆಸರಿನ ಚೀಟಿ ಅಂಟಿಸಿ. ಅದನ್ನು ಕೇಳಿ ಮೇಲಿನ ಮಹಡಿಯ ಧಾರವಾಡದ ಅಮ್ಮ ‘ಅಯ್ಯ, ನಾವೂ ಹಂಗ ಮಾಡಿಸ್ತಿದ್ವಿ’ ಎಂದರು. ಅವರ ಕಡೆ ಹಿಟ್ಟು, ಸಕ್ಕರೆ, ತುಪ್ಪ ತಾವೇ ಒಯ್ದು ಕೊಟ್ಟು, ಬೇಕರಿಯಲ್ಲೇ ಕೂತು ಬಿಸ್ಕತ್ತು ಮಾಡಿಸಿಕೊಂಡು ಡಬ್ಬಿ ತುಂಬಿ ತರುತ್ತಿದ್ದರಂತೆ. ಹಿಂಬಾಗಿಲ ಸಾಲು ನಮ್ಮ ಓಣಿಯೊಂದರದೇ ಎಂದುಕೊಂಡಿದ್ದ ನನಗೆ ಎದೆ ತುಂಬಿ ಬಂತು. ಲಿಫ್ಟಿನ ಮುಂದೆ ನಿಂತು ಮೂವರೂ ಎಷ್ಟು ಹೊತ್ತು ಮಾತಾಡಿದೆವೋ.

ಈ ಭಾನುವಾರವೂ ಕೇಕು ಇಳಿಸಿದೆ. ಓವನ್ನಿನ ಸ್ವಿಚ್ಚು ಆರಿಸಿ ಬಾಗಿಲು ಸರಿಸಿದಾಗ ಕೈಗೆ ಬೆಚ್ಚಗೆ ಬಡಿಯಿತು. ಎಂದಿನಂತೆ ಒಂದು ತಟ್ಟೆ ಕಡಲೆಕಾಯಿ ಬೀಜ ಹರವಿ ಒಳಗಿಟ್ಟು ಮುಚ್ಚಿದೆ. ಹೆಂಡತಿ ಪಾತ್ರೆ ಒರೆಸಿ ಜೋಡಿಸುತ್ತ ಒಂದು ಸ್ಟೀಲ್ ಡಬ್ಬಿಯನ್ನು ಎತ್ತಿ ತೋರಿಸಿದಳು. ತಳದಲ್ಲಿ ಚುಕ್ಕಿ ಚುಕ್ಕಿಯಾಗಿ ಕೊರೆದ ಎರಡು ಅಕ್ಷರ, ನಮ್ಮ ಮನೆಯವರದಲ್ಲ.

‘ಇದು ಯಾರದ್ದು ರೀ? ಚಕ್ಕುಲಿ ಬಂದಿತ್ತಲ್ಲ, ಅದಾ?’

‘ಅವಲಕ್ಕಿ ಬಂದಿದ್ದು’ ಎಂದೆ. ‘ಇರು, ಬೀಜ ಆಗಲಿ.’

ಸಿಪ್ಪೆ ಚಿಟಿಚಿಟಿ ಎನ್ನುವ ಸದ್ದು ಒಳಗಿನಿಂದ ಆಗಲೇ ಕೇಳತೊಡಗಿತ್ತು.