ಬೋನಿನ ಇಲಿಯ ಹೊಣೆ ಯಾರದು?

ಐದು ಜೀವಿಗಳನ್ನು ಹರಮ್‌ನ ಒಳಗಾಗಲಿ ಹೊರಗಾಗಲಿ ಕೊಲ್ಲಬಹುದೆಂದು ಪ್ರವಾದಿ ಮುಹಮ್ಮದ್(ಸ)ರವರು ತಿಳಿಸಿದ್ದಾರೆ. ಕಾಗೆ, ಹದ್ದು, ಚೇಳು, ಕಚ್ಚುವ ನಾಯಿಗಳೊಂದಿಗೆ ಇಲಿಯೂ ಅವುಗಳಲ್ಲಿ ಸೇರಿದೆ. ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಇರುವ ಈ ಹದೀಸನ್ನು ನಾವು ಮದ್ರಸದಲ್ಲಿ ಎಷ್ಟೋ ವರ್ಷಗಳಿಂದ ಕಲಿಸುತ್ತಾ ಬಂದಿದ್ದೇವೆ. ಉರಿಯುವ ಬತ್ತಿಯನ್ನು ಎಳೆದು ಮನೆಗೆ ಬೆಂಕಿ ಹಚ್ಚೀತೆಂದು ಮಲಗುವ ಮುನ್ನ ದೀಪ ಆರಿಸಲು ಹೇಳಿದ್ದೂ ಇದೇ ಪ್ರಾಣಿಯ ಕಾರಣದಿಂದ. 1898ರಲ್ಲಿ ಬೆಂಗಳೂರಿಗೆ ಬಂದ ಪ್ಲೇಗನ್ನು ಕಂಡ ನಾಡಿಗೆ, ಮಳೆಗಾಲದ ಇಲಿಜ್ವರವನ್ನು ಬಲ್ಲ ನಮ್ಮ ಕರಾವಳಿಗೆ, ಇದರ ಔಚಿತ್ಯವನ್ನು ವಿವರಿಸಬೇಕಾಗಿಲ್ಲ.

ಈ ಹದೀಸನ್ನೇ ಮುಂದಿಟ್ಟು ನಮ್ಮ ವಿದ್ಯಾರ್ಥಿಯೊಬ್ಬನ ತಂದೆ ಕಳೆದ ವರ್ಷ ಒಂದು ಪ್ರಶ್ನೆ ಕೇಳಿದರು. ಮಗನಿಗಾಗಿ ಅಂಗಡಿಯೊಂದರಿಂದ ಎರಡು ಬಿಳಿ ಇಲಿಗಳನ್ನು ತಂದಿದ್ದರು. ಎರಡೂ ಹೆಣ್ಣೆಂದು ಮಾರಿದವನು ಹೇಳಿದ್ದ, ಒಂದು ಗಂಡಾಗಿತ್ತು. ಇಲಿಯ ಗರ್ಭಾವಧಿ ಸುಮಾರು ಮೂರು ವಾರ. ಹೆತ್ತ ಒಂದು ದಿನದೊಳಗೇ ತಾಯಿ ಮತ್ತೆ ಗರ್ಭ ಧರಿಸಬಲ್ಲದು. ಎರಡು ತಿಂಗಳು ಕಳೆಯುವಷ್ಟರಲ್ಲಿ ಎರಡು ಇದ್ದದ್ದು 23 ಆಗಿತ್ತು. ಕುಟುಂಬವೆಲ್ಲ ದಮ್ಮಾಮಿಗೆ ಹೊರಟು ನಿಂತಿತ್ತು. "ಉಸ್ತಾದರೇ, ಕೊಲ್ಲಲೇ ಅನುಮತಿ ಇರುವ ಪ್ರಾಣಿಯನ್ನು ತೋಟದಲ್ಲಿ ಬಿಟ್ಟುಬಿಟ್ಟರೆ ತಪ್ಪೇನು?" ಎಂಬುದು ಅವರ ಪ್ರಶ್ನೆ.

ತಪ್ಪಿದೆ ಎಂದೆವು. ಬೆಕ್ಕನ್ನು ಕಟ್ಟಿಹಾಕಿ ಸಾಯಿಸಿದ ಸ್ತ್ರೀಯ ಹದೀಸನ್ನು ಯಾರು ಕೇಳಿಲ್ಲ? ಆಕೆ ಅದಕ್ಕೆ ಉಣಿಸಲೂ ಇಲ್ಲ, ನೆಲದ ಮೇಲಿನ ಹುಳುಹುಪ್ಪಟೆಗಳನ್ನು ತಿಂದು ಬದುಕಲೆಂದು ಬಿಡಲೂ ಇಲ್ಲ. ಇಲ್ಲಿ 'ಬಿಡುವುದು' ಎಂದರೆ ಬದುಕಲು ಬಿಡುವುದು. ಬೋನಿನ ಬಿಳಿ ಇಲಿಗೆ ಅಂಥ ಬಿಡುಗಡೆಯೇ ಇಲ್ಲ. ಚರಂಡಿಯ ಕಂದು ಇಲಿಯ ಜಾತಿಯೇ ಆದರೂ ಅದು ತಲೆತಲಾಂತರದಿಂದ ಮನುಷ್ಯನ ಬೋನಿನಲ್ಲೇ ಹುಟ್ಟಿದೆ. ಫಿಲಡೆಲ್ಫಿಯಾದ ವಿಸ್ಟಾರ್ ಸಂಸ್ಥೆಯಲ್ಲಿ 1906ರಿಂದ ಬೆಳೆಸಿದ ಬಿಳಿ ಇಲಿಗಳ ಸಂತತಿಯಂತೂ ಜಗತ್ತಿನ ಪ್ರಯೋಗಾಲಯಗಳಿಗೆಲ್ಲ ಹರಡಿತು. ನಾವು ನುಂಗುವ ಔಷಧಗಳಲ್ಲಿ ಎಷ್ಟೋ ಮೊದಲು ಇಲಿಗಳ ಮೈ ಹೊಕ್ಕು ಬಂದವು. ಮನುಷ್ಯನ ಭಯ ಈ ಪ್ರಾಣಿಗೆ ಹೆಚ್ಚು ಉಳಿದಿಲ್ಲ. ತೆಂಗಿನ ತೋಟದ ಹಸಿರಿನಲ್ಲಿ ಅದರ ಬಿಳಿ ಮೈ ಕಾಗೆಗೂ ಹದ್ದಿಗೂ ದೂರದಿಂದಲೇ ಕಾಣುತ್ತದೆ. (ಅವೆರಡೂ ಅದೇ ಹದೀಸಿನ ಜೊತೆಗಾರರು!) ಹದೀಸಿನ ಇಲಿ ಕರೆಯದೆ ಮನೆ ಹೊಕ್ಕು ಹಾನಿ ಮಾಡುವ ಇಲಿ. ಇದನ್ನಾದರೋ ಹಣ ಕೊಟ್ಟು ತಂದವರು ನಾವೇ. ಕೊಲ್ಲಲು ಅನುಮತಿಯಿದ್ದಲ್ಲಿಯೂ ಹಿಂಸಿಸದೆ ಕೊಲ್ಲಬೇಕೆಂದು ಬೋಧಿಸಿದ ಧರ್ಮದಲ್ಲಿ, ಹಸಿವೆಗೆ ಮತ್ತು ಕೊಕ್ಕಿಗೆ ಒಪ್ಪಿಸಿ ಕೈತೊಳೆದುಕೊಳ್ಳಲು ಅನುಮತಿ ಎಲ್ಲಿಂದ ಬರಬೇಕು?

ಇಲಿ ಸಾಕುವುದನ್ನೇ ಒಪ್ಪದ ಶಾಫಿಈ ವಿದ್ವಾಂಸರಿದ್ದಾರೆಂಬುದು ನಮಗೆ ಗೊತ್ತು. ಸಾಕಿರೆಂದು ನಾವು ಯಾರಿಗೂ ಹೇಳುವುದಿಲ್ಲ. ಹೊಸದಾಗಿ ತರುವುದು ಬೇರೆ, ತಂದದ್ದರ ಹೊಣೆ ಬೇರೆ. ನಮ್ಮ ಮಡದಿ ನಜಸ್‌ನ ಮಾತೆತ್ತಿದಳು. ಶಾಫಿಈ ಕರ್ಮಶಾಸ್ತ್ರದ ಪ್ರಕಾರ ನಾಯಿ ಮತ್ತು ಹಂದಿಯ ಹೊರತು ಜೀವಂತ ಪ್ರಾಣಿಯ ಮೈ ಶುದ್ಧವೇ, ಹಿಕ್ಕೆ ಮಾತ್ರ ನಜಸ್ ಎಂದೆವು. "ಹಿಕ್ಕೆ ಬಳಿಯುವವರು ಯಾರು?" ಎಂದಳು. ಕರ್ಮಶಾಸ್ತ್ರದಲ್ಲಿ ಅದಕ್ಕೆ ಉತ್ತರ ಸಿಗಲಿಲ್ಲ, ನಾವೇ ಬಳಿದೆವು. ನಮಾಝಿನ ಕೋಣೆಯಿಂದ ದೂರ, ಹಿಂದಿನ ಚಾವಡಿಯಲ್ಲಿ ಬೋನುಗಳನ್ನಿಟ್ಟೆವು.

ಮೊದಲ ಸಂಜೆಯ ಕೆಲಸ ಗಂಡು ಹೆಣ್ಣುಗಳನ್ನು ಬೇರ್ಪಡಿಸುವುದು. ಐದಾರು ವಾರಕ್ಕೇ ಮರಿಗಳು ಗರ್ಭ ಧರಿಸಬಲ್ಲವು. ಅದೃಷ್ಟಕ್ಕೆ ಆ ವಯಸ್ಸಿಗೆ ಗಂಡಿನ ಗುರುತು ಸ್ಪಷ್ಟವಾಗಿ ಕಾಣುತ್ತದೆ. ಆದರೂ ತಾಯಿ ಆಗಲೇ ಮೂರನೆಯ ಬಾರಿ ಬಸುರಾಗಿತ್ತು. ಲೆಕ್ಕ 31ಕ್ಕೆ ಏರಿತು.

ಮನೆ ಹುಡುಕಲು ಮೂರು ತಿಂಗಳು ಹಿಡಿಯಿತು. ಮೊದಲು ಬೋನು ತೋರಿಸಿ, ಆಮೇಲೆ ಇಲಿ ಒಯ್ಯಿರಿ ಎಂದು ಎಲ್ಲರಿಗೂ ಹೇಳಿದೆವು. ಇಲಿ ಗುಂಪಿನ ಜೀವಿ. ಒಂದೇ ಒಂದು ಸಾಕೆಂದವರಿಗೆ ಕೊಡಲಿಲ್ಲ. ಗಂಡುಗಳನ್ನು ಗಂಡುಗಳೊಂದಿಗೆ, ಹೆಣ್ಣುಗಳನ್ನು ಹೆಣ್ಣುಗಳೊಂದಿಗೆ ಜೋಡಿಯಾಗಿಯೇ ಕಳುಹಿಸಿದೆವು. ಹಾವಿಗೆ ಆಹಾರವಾಗಿ ಎಲ್ಲವನ್ನೂ ಒಟ್ಟಿಗೆ ಕೊಳ್ಳುತ್ತೇನೆಂದು ಬಂದ ಯುವಕನೊಬ್ಬನನ್ನು ಚಹಾ ಕೊಟ್ಟು ಕಳುಹಿಸಿದೆವು. ಗಣಪನ ವಾಹನವೆಂದು ಸಂತೋಷದಿಂದ ಎರಡು ಜೋಡಿ ಒಯ್ದ ನೆರೆಮನೆಯವರು, ಕೈತೊಳೆಯುವ ನಿಯಮವನ್ನು ಗೋಡೆಗೆ ಬರೆದು ಅಂಟಿಸಿದ್ದಾರೆ. ಇಲಿಜ್ವರದ ಎಚ್ಚರಿಕೆಯನ್ನು ನಾವು ಒಮ್ಮೆ ಹೇಳಿದ್ದನ್ನು ಅವರು ನಮಗಿಂತ ಚೆನ್ನಾಗಿ ಪಾಲಿಸುತ್ತಿದ್ದಾರೆ. ಸಾಕಿದ ಇಲಿಗಳನ್ನು ಬಹಳವಾಗಿ ಕಾಡುವ ಉಸಿರಾಟದ ರೋಗದಿಂದ ನಾಲ್ಕು ಸತ್ತವು.

ಈಗ ಉಳಿದಿರುವುದು ತಾಯಿ ಮತ್ತು ಅದರ ಒಂದು ಹೆಣ್ಣುಮರಿ. ಇಲಿಯ ಆಯುಷ್ಯ ಎರಡು ಮೂರು ವರ್ಷ. ಮುದಿ ಇಲಿಯನ್ನು ಕೇಳಿಕೊಂಡು ಯಾರೂ ಬರುವುದಿಲ್ಲ. ಬೆಳೆಯುತ್ತಲೇ ಇರುವ ಬಾಚಿಹಲ್ಲು ಸವೆಯಲೆಂದು ಮಡದಿ ಗೆರಟೆಯ ಚೂರೊಂದನ್ನು ಒಳಗಿಡುತ್ತಾಳೆ. ಶುಕ್ರವಾರ ದಮ್ಮಾಮಿನಿಂದ ಕರೆ ಬಂದರೆ ಹುಡುಗ ಸಲಾಮ್ ಹೇಳಿದ ಕೂಡಲೇ ಕೇಳುವುದು ಅವುಗಳನ್ನೇ. ನಾವು ಮೊಬೈಲನ್ನು ಚಾವಡಿಗೆ ಒಯ್ದು ಬೋನಿನ ಹತ್ತಿರ ಹಿಡಿಯುತ್ತೇವೆ.